ಮನೆಯೊಳಗೆ ತರಕಾರಿ ಅಗಿ (ಸಸಿ) ಎಬ್ಬಿಸುವುದು, ಸಣಕಲಾದರೆ ಸರಿಪಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತೆಂದರೆ ನನ್ನ ಫೋನಿಗೆ ಫೋಟೋಗಳು ಬರಲು ಶುರು. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ನೋಟ. ಮೊಸರಿನ ಡಬ್ಬಿ, ಅದರಲ್ಲಿ ದಾರದಂಥ ಕಾಂಡ, ತುದಿಯಲ್ಲಿ ಎರಡು ಪುಟ್ಟ ಎಲೆ, ಎಲ್ಲವೂ ಕಿಟಕಿಯ ಕಡೆ ವಾಲಿವೆ. ಕೆಳಗೆ ಒಂದು ಸಾಲು: "ಏನ್ ಮಾಡ್ಲಿ ಅಕ್ಕಾ?"

ನಮ್ಮ ಮನೆ ವಿಜಯಪುರದಲ್ಲಿ. ತಂಗಿ ಬೆಳಗಾವಿಯಲ್ಲಿದ್ದಾಳೆ, ಬೀಗರು ಬಾಗಲಕೋಟೆಯ ನವನಗರದಲ್ಲಿ. ಹೀಗಾಗಿ ಮೂರೂ ಊರಿನ ಅಗಿಗಳ ಪಾಡು ನನಗೆ ಗೊತ್ತು. (ಸಸಿಗೆ ನಮ್ಮ ಕಡೆ ಅಗಿ ಅನ್ನುತ್ತೇವೆ, ನೆಡುವುದಕ್ಕೆ ಹಚ್ಚುವುದು. ಇಲ್ಲಿಯೂ ಹಾಗೇ ಬರೆಯುತ್ತೇನೆ.) ಮದುವೆ ಮನೆಯಲ್ಲಿ, ಸಂತೆಯಲ್ಲಿ, ಪತ್ರದಲ್ಲಿ ಜನ ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಸಲ ಬೀಜ ಹಾಕುವವರು ಕೇಳಿದ್ದು

ನಮ್ಮೂರಾಗೇನ್ ಹಿಮ ಬೀಳಂಗಿಲ್ಲ. ಮತ್ತ ಮನಿಯೊಳಗ ಯಾಕ ಅಗಿ ಎಬ್ಬಿಸಬೇಕ್ರಿ?

ಸರಿಯಾದ ಪ್ರಶ್ನೆ. ಚಳಿ ದೇಶದವರು ಹೊರಗೆ ಹಿಮ ಇರುತ್ತದೆಂದು ಒಳಗೆ ಬೀಜ ಹಾಕುತ್ತಾರೆ. ಅವರ ವಿಡಿಯೋ ನೋಡಿ ನಮ್ಮವರೂ ಟ್ರೇ ಕೆಳಗೆ ಬಿಸಿ ಮಾಡುವ ಚಾಪೆ ಹುಡುಕುತ್ತಾರೆ. ವಿಜಯಪುರದ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ, ಇನ್ನೂ ಬಿಸಿ ಬೇಕಾ?

ನಮಗೆ ಬೇಕಾದದ್ದು ಕಾಪು. ಬಿಸಿಲಿನಲ್ಲಿಟ್ಟ ಡಬ್ಬಿಯ ಮೇಲ್ಮಣ್ಣು ಬೆಳಿಗ್ಗೆ ಹನ್ನೊಂದಕ್ಕೇ ಒಣಗಿ ಪುಡಿಯಾಗುತ್ತದೆ. ಬಿರಿಯುತ್ತಿರುವ ಬೀಜ ಅಷ್ಟಕ್ಕೇ ಸತ್ತುಹೋಗುತ್ತದೆ. ಉಳಿದದ್ದಕ್ಕೆ ಅಳಿಲು, ಗುಬ್ಬಿ, ಇರುವೆ ಇವೆ. ಬೆಳಗಾವಿಯಲ್ಲಿ ಜುಲೈ ಮಳೆ ಎಳೆಯ ಅಗಿಯನ್ನು ನೆಲಕ್ಕೆ ಬಡಿದು ಮಲಗಿಸುತ್ತದೆ. ಇದಕ್ಕೆ ಒಳಗಿಡುವುದು. ಆದರೆ ಒಳಗೆ ಇರಬೇಕಾದದ್ದು ಮೊಳಕೆ ಮಣ್ಣಿನ ಮೇಲೆ ಕಾಣುವ ತನಕ ಮಾತ್ರ. ಆಮೇಲೂ ಒಳಗೇ ಇಟ್ಟುಕೊಂಡವರ ಫೋಟೋಗಳೇ ನನಗೆ ಬರುವುದು.

ಯಾವ ಬೀಜ ಡಬ್ಬಿಗೆ, ಯಾವುದು ನೇರವಾಗಿ ಕುಂಡಕ್ಕೆ?

ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ದೊಣ್ಣೆ ಮೆಣಸಿನಕಾಯಿ, ಎಲೆಕೋಸು, ಹೂಕೋಸು, ಉಳ್ಳಾಗಡ್ಡಿ. ಇವನ್ನು ಅಗಿ ಎಬ್ಬಿಸಿಯೇ ಹಚ್ಚಬೇಕು.

ಗಜ್ಜರಿ ಮತ್ತು ಮೂಲಂಗಿಯನ್ನು ಕಿತ್ತು ಹಚ್ಚಿದರೆ ಗಡ್ಡೆ ಕವಲೊಡೆದು ಸೊಟ್ಟಗಾಗುತ್ತದೆ. ಮೆಂತೆ, ಕೊತ್ತಂಬರಿ, ಚವಳಿಕಾಯಿ, ಬೆಂಡೆ ನೇರವಾಗಿ ಕುಂಡಕ್ಕೆ. ಹೀರೆ, ಹಾಗಲ, ಸವತೆ ನಡುವಿನವು. ಬೇರಿಗೆ ಪೆಟ್ಟಾದರೆ ಮುನಿಸಿಕೊಳ್ಳುತ್ತವೆ. ಅಳಿಲಿನ ಕಾಟ ಇದ್ದರೆ ಕಾಗದದ ಕಪ್ಪಿನಲ್ಲಿ ಒಂದೊಂದೇ ಬೀಜ ಹಾಕಿ, ಎರಡು ವಾರದೊಳಗೆ ಮಣ್ಣು ಒಡೆಯದ ಹಾಗೆ ಇಳಿಸಿ.

ಟೊಮ್ಯಾಟೊ ಬೀಜ ಯಾವಾಗ ಹಾಕಿದ್ರ ಚಲೋ?

ಜೂನ್–ಜುಲೈ ಒಂದು, ಸೆಪ್ಟೆಂಬರ್–ಅಕ್ಟೋಬರ್ ಇನ್ನೊಂದು. ಫೆಬ್ರವರಿಯಲ್ಲಿ ಹಾಕಿದರೆ ಅಗಿ ಚೆನ್ನಾಗಿಯೇ ಏಳುತ್ತದೆ, ಗಿಡವೂ ಬೆಳೆಯುತ್ತದೆ. ಹೂವಾಗುವ ಹೊತ್ತಿಗೆ ಏಪ್ರಿಲ್. ಬಿಸಿಲು 35 ಡಿಗ್ರಿ ದಾಟಿದ ಮೇಲೆ ಟೊಮ್ಯಾಟೊ ಹೂವು ಉದುರಿಸುತ್ತದೆ. ಬೆಳಗಾವಿಯವರಿಗೆ ಈ ಕಷ್ಟ ನಮಗಿಂತ ಕಡಿಮೆ. ಮೆಣಸಿನಕಾಯಿಗೆ ಮೇ ಕೊನೆ, ಜೂನ್ ಸರಿ. ಹಿಂಗಾರಿ ಉಳ್ಳಾಗಡ್ಡಿಗೆ ಸೆಪ್ಟೆಂಬರ್.

ಡಬ್ಬಿ ಯಾವುದಾದ್ರೂ ನಡೀತದ? ಟ್ರೇನೇ ಬೇಕಾ?

ಮೊಸರಿನ ಡಬ್ಬಿ, ಚಹಾ ಕಪ್ಪು, ತೆಂಗಿನ ಚಿಪ್ಪು, ಅರ್ಧ ಕತ್ತರಿಸಿದ ನೀರಿನ ಬಾಟಲಿ ಎಲ್ಲ ನಡೆಯುತ್ತದೆ. ತಳಕ್ಕೆ ತೂತು ಇರಲೇಬೇಕು, ಒಂದಲ್ಲ, ನಾಲ್ಕು. ದಬ್ಬಣ ಕಾಯಿಸಿ ಚುಚ್ಚಿದರೆ ಆಯಿತು. ನರ್ಸರಿಯವರ 98 ಗುಳಿಯ ಟ್ರೇ ಹೆಚ್ಚು ಅಗಿ ಬೇಕಾದವರಿಗೆ ಅನುಕೂಲ. ಆದರೆ ಗುಳಿ ಸಣ್ಣದು, ನಮ್ಮ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಕೇಳುತ್ತದೆ. ನೌಕರಿಗೆ ಹೋಗುವವರಿಗೆ ಡಬ್ಬಿಯೇ ವಾಸಿ. ತತ್ತಿ ಇಡುವ ರಟ್ಟಿನ ಟ್ರೇ ಫೋಟೋದಲ್ಲಿ ಚೆಂದ, ಅಷ್ಟೇ. ಅದು ಮಣ್ಣಿನ ನೀರನ್ನೆಲ್ಲ ತಾನೇ ಕುಡಿದುಬಿಡುತ್ತದೆ.

ಹೊಲದಿಂದ ಎರಿ ಮಣ್ಣ ತಂದೀನಿ. ಅದನ್ನ ತುಂಬಲಾ?

ಬೇಡ. ನಮ್ಮ ಎರೆ ಮಣ್ಣು ಜೋಳಕ್ಕೆ, ಕಡಲೆಗೆ ಬಂಗಾರ. ಡಬ್ಬಿಯೊಳಗೆ ಅದೇ ವೈರಿ. ನೀರು ಬಿದ್ದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನ ಜೊತೆಗೆ ಎಳೆ ಬೇರೂ ಹರಿಯುತ್ತದೆ.

ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಹುಳು ಗೊಬ್ಬರ ಸಾಕು. 650 ಗ್ರಾಂ ಕೋಕೋಪೀಟ್ ಇಟ್ಟಿಗೆ ನೀರು ಕುಡಿದು 8–9 ಲೀಟರ್ ಆಗುತ್ತದೆ, ಒಂದು ಮನೆಗೆ ಅದೇ ಜಾಸ್ತಿ. ಒಂದು ಕೆಲಸ ಮಾತ್ರ ತಪ್ಪಿಸಬೇಡಿ. ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರುತ್ತದೆ. ಬಕೆಟ್‌ನಲ್ಲಿ ನೆನೆಸಿ, ಹಿಂಡಿ, ನೀರು ಚೆಲ್ಲಿ, ಹೀಗೆ ಎರಡು–ಮೂರು ಸಲ ತೊಳೆಯಿರಿ. ಚಹಾ ಬಣ್ಣದ ನೀರು ತಿಳಿಯಾಗುವ ತನಕ.

ಬೀಜಾ ಹಾಕಿ ಹತ್ತ ದಿನ ಆತು ಅಕ್ಕಾರ, ಒಂದೂ ಎದ್ದಿಲ್ರಿ!

ಮೊದಲು ಯಾವ ಬೀಜ ಹೇಳಿ. ಸವತೆ ಮೂರು–ಐದು ದಿನದಲ್ಲಿ ಏಳುತ್ತದೆ, ಕೋಸು ನಾಲ್ಕು–ಆರು, ಟೊಮ್ಯಾಟೊ ಐದರಿಂದ ಎಂಟು, ಬದನೆ ಮತ್ತು ಉಳ್ಳಾಗಡ್ಡಿ ಹತ್ತರ ತನಕ. ಮೆಣಸಿನಕಾಯಿಗೆ ಎರಡು ವಾರವೂ ಆಗಬಹುದು. ಇದೆಲ್ಲ 25–30 ಡಿಗ್ರಿ ಇದ್ದಾಗ. ಡಿಸೆಂಬರ್ ರಾತ್ರಿ 15 ಡಿಗ್ರಿ ಕೆಳಗೆ ಇಳಿದಾಗ ಮೆಣಸಿನ ಬೀಜ ಮುಸುಕು ಹೊದ್ದು ಮಲಗಿಬಿಡುತ್ತದೆ. ಆಗ ಡಬ್ಬಿಯನ್ನು ಅಡುಗೆಮನೆಯ ಮೇಲಿನ ಹಲಗೆಯಲ್ಲಿಡಿ, ಒಲೆಯ ಕಾವಿಗೆ ಏಳುತ್ತದೆ.

ಇನ್ನೊಂದು ಕಾರಣ ಆಳ. ಬೀಜದ ದಪ್ಪದ ಎರಡು–ಮೂರು ಪಟ್ಟು ಮಣ್ಣು ಮೇಲೆ ಇದ್ದರೆ ಸಾಕು. ಟೊಮ್ಯಾಟೊ, ಮೆಣಸಿನ ಬೀಜಕ್ಕೆ ಅರ್ಧ ಸೆಂಟಿಮೀಟರ್. ಬೆರಳು ಪೂರ್ತಿ ಚುಚ್ಚಿ ಬೀಜ ಬಿಟ್ಟರೆ ಅದು ಮೇಲೆ ಬರುವಷ್ಟರಲ್ಲಿ ತನ್ನ ಬುತ್ತಿ ಖಾಲಿ ಮಾಡಿಕೊಂಡಿರುತ್ತದೆ.

ಅಡುಗೆಮನೆಯ ಒಣ ಬ್ಯಾಡಗಿ ಮೆಣಸಿನಕಾಯಿಯ ಬೀಜ ಹಾಕಬಹುದಾ?

ಹಾಕಬಹುದು, ನಾನೂ ಹಾಕಿದ್ದೇನೆ. ಕಾಯಿ ಹುರಿದಿರಬಾರದು, ಬಹಳ ಹಳೆಯದಿರಬಾರದು. ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಡಬ್ಬಿಯಲ್ಲಿಟ್ಟು ಮುಚ್ಚಿ. ಎರಡು ವಾರದಲ್ಲಿ ಆರೇಳು ಮೊಳೆತರೆ ಆ ಬೀಜ ಚಲೋ. ಎರಡೇ ಮೊಳೆತರೆ ಒಗ್ಗರಣೆಗೆ ಬಳಸಿ. ಅಂದಹಾಗೆ ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಹಾವೇರಿ ಕಡೆಯ ಬಣ್ಣ ನಿಮ್ಮ ಕುಂಡದಲ್ಲೂ ಬರಲೇಬೇಕೆಂದು ಹಟ ಹಿಡಿಯಬೇಡಿ.

ಸಂತೆಯ ಟೊಮ್ಯಾಟೊ ಬೀಜವೂ ಮೊಳೆಯುತ್ತದೆ. ಅದು ಬಹಳ ಸಲ ಹೈಬ್ರಿಡ್ ಆಗಿರುವುದರಿಂದ ತಾಯಿಯಂಥ ಕಾಯಿ ಬರುವುದಿಲ್ಲ. ಮುಂದಿನ ವರ್ಷಕ್ಕೂ ಬೀಜ ಹಿಡಿಯಬೇಕೆಂದರೆ ಅರ್ಕಾ ವಿಕಾಸ್‌ನಂಥ ಹೈಬ್ರಿಡ್ ಅಲ್ಲದ ತಳಿ ತನ್ನಿ. ಉಳ್ಳಾಗಡ್ಡಿ ಬೀಜ ಮಾತ್ರ ಹೊಸದೇ ಬೇಕು. ತೆಲಗಿ ಕೆಂಪು ಇರಲಿ ಮತ್ತೊಂದಿರಲಿ, ವರ್ಷ ದಾಟಿದರೆ ಅರ್ಧಕ್ಕರ್ಧ ಏಳುವುದಿಲ್ಲ.

ಪಾಕೀಟಿನ ಬೀಜ ಗುಲಾಬಿ ಬಣ್ಣ ಇದೆ, ತೊಳೆದು ಹಾಕಲಾ?

ತೊಳೆಯಬೇಡಿ. ಅದು ಬೂಸ್ಟು ಬರದಂತೆ ಹಚ್ಚಿದ ಔಷಧ. ಹಾಗೇ ಹಾಕಿ, ಸಾಬೂನಿನಿಂದ ಕೈ ತೊಳೆದುಕೊಳ್ಳಿ. ಉಳಿದ ಬೀಜವನ್ನು ಅಡುಗೆಮನೆಯಲ್ಲಿ, ಮಕ್ಕಳ ಕೈಗೆ ಸಿಗುವ ಕಡೆ ಇಡಬೇಡಿ.

## ಉದ್ದಕ್ಕೆ ಹೋದ, ಸಣಕಲಾದ ಅಗಿ

ಟೊಮ್ಯಾಟೊ ಅಗಿ ಗೇಣುದ್ದ ಬೆಳದಾವು, ಆದ್ರ ಎದ್ದ ನಿಲ್ಲವಲ್ಲವು. ಏನ್ ರೋಗಾರಿ ಇದು?

ರೋಗ ಅಲ್ಲ. ಬೆಳಕಿಲ್ಲ, ಅಷ್ಟೇ.

ನವರಾತ್ರಿಯಲ್ಲಿ ದೇವರ ಕೋಣೆಯಲ್ಲಿ ಘಟ್ಟ ಹಾಕುವುದನ್ನು ನೋಡಿದ್ದೀರಲ್ಲ? ಮಣ್ಣಿನಲ್ಲಿ ಗೋದಿ, ಜೋಳ ಬಿತ್ತಿ ನೀರು ಹಾಕುತ್ತೇವೆ. ಒಂಬತ್ತು ದಿನಕ್ಕೆ ಗೇಣುದ್ದ, ಹಳದಿ ಹಳದಿ, ರೇಷ್ಮೆಯಂಥ ಸಸಿ. ದಸರೆಯ ದಿನ ಮುಡಿದುಕೊಳ್ಳಲು ಅದು ಚೆಂದ. ಹೊಲದಲ್ಲಿ ಅದೇ ಗೋದಿ ಒಂಬತ್ತು ದಿನಕ್ಕೆ ಅಷ್ಟು ಎತ್ತರ ಇರುವುದಿಲ್ಲ, ಗಿಡ್ಡಗೆ, ಹಸಿರಾಗಿ, ಗಟ್ಟಿಯಾಗಿ ಇರುತ್ತದೆ. ಬೀಜ ಒಂದೇ, ನೀರು ಒಂದೇ. ಬೇರೆ ಇರುವುದು ಕೋಣೆಯ ಕತ್ತಲು.

ಕತ್ತಲಲ್ಲಿರುವ ಮೊಳಕೆ ತಾನಿನ್ನೂ ಮಣ್ಣಿನೊಳಗೇ ಇದ್ದೇನೆ ಎಂದುಕೊಳ್ಳುತ್ತದೆ. ಎಲೆಗೆ, ಬೇರಿಗೆ ಹಾಕಬೇಕಾದ ಬಲವನ್ನೆಲ್ಲ ಕಾಂಡ ಎಳೆಯುವುದಕ್ಕೆ ಸುರಿಯುತ್ತದೆ. ಹೊಸ ಕಾಂಡ ಕಟ್ಟುತ್ತಿಲ್ಲ, ಇದ್ದ ಜೀವಕೋಶಗಳನ್ನೇ ಎಳೆದು ಉದ್ದ ಮಾಡುತ್ತಿದೆ. ಅದಕ್ಕೇ ಟೊಳ್ಳು, ಅದಕ್ಕೇ ವಾಲುವುದು. ನಿಮ್ಮ ಟೊಮ್ಯಾಟೊ ಮಾಡುತ್ತಿರುವುದೂ ಇದೇ: ಮೊಸರಿನ ಡಬ್ಬಿಯಲ್ಲಿ ಘಟ್ಟ ಹಾಕಿದ್ದೀರಿ.

ಇದು ಎಷ್ಟು ಬೇಗ ಆಗುತ್ತದೆ ಅಂದರೆ, ಒಮ್ಮೆ ನಾನು ಬದನೆ ಬೀಜದ ಟ್ರೇಗೆ ಗೋಣಿ ತಟ್ಟು ಮುಚ್ಚಿ ಜಮಖಂಡಿಗೆ ಮದುವೆಗೆ ಹೋದೆ. ಹೋದ ರಾತ್ರಿಯೇ ಮೊಳಕೆ ಬಂದಿರಬೇಕು. ಮೂರನೇ ದಿನ ತಟ್ಟು ತೆಗೆದರೆ ಕೆಳಗೆ ಶಾವಿಗೆ ಹರವಿದ ಹಾಗಿತ್ತು. ಬೆಳ್ಳಗೆ, ಉದ್ದಕ್ಕೆ, ಒಂದರ ಮೇಲೊಂದು ಮಲಗಿದ್ದವು. 60 ಬೀಜದಲ್ಲಿ ಹನ್ನೊಂದು ಉಳಿದವು. ಆಮೇಲಿಂದ ನನ್ನ ಲೆಕ್ಕ ಇಷ್ಟು: ಮುಚ್ಚಿದ ಟ್ರೇಯನ್ನು ದಿನಕ್ಕೆ ಎರಡು ಸಲ ತೆರೆದು ನೋಡಬೇಕು. ಒಂದು ಮೊಳಕೆ ಬಾಗಿದ ಕುತ್ತಿಗೆ ತೋರಿಸಿದರೂ ಸಾಕು, ಉಳಿದವಕ್ಕೆ ಕಾಯದೆ ಬೆಳಕಿಗೆ ಒಯ್ಯಬೇಕು.

ಕಿಟಕಿ ಹತ್ತಿರವೇ ಇಟ್ಟಿದ್ದೇನೆ. ಕೋಣೆ ಬೆಳಕಾಗಿಯೇ ಇದೆ, ಆದರೂ ಯಾಕೆ?

ನಮ್ಮ ಕಣ್ಣು ಮೋಸ ಮಾಡುತ್ತದೆ. ಕಣ್ಣಿನ ಪಾಪೆ ಹಿಗ್ಗಿ ಕಡಿಮೆ ಬೆಳಕನ್ನೂ ಸರಿದೂಗಿಸುತ್ತದೆ, ಹೀಗಾಗಿ ಕೋಣೆ ಬೆಳಕಾಗಿ ಕಾಣುತ್ತದೆ. ಅಗಿಗೆ ಆ ಸೌಲಭ್ಯ ಇಲ್ಲ. ಮಧ್ಯಾಹ್ನ ಮಾಳಿಗೆಯ ಮೇಲಿನ ಬಿಸಿಲು 1,00,000 ಲಕ್ಸ್ (ಬೆಳಕಿನ ಅಳತೆ) ಆಸುಪಾಸು. ರಾತ್ರಿ ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ 100–300. ಕಿಟಕಿಯಿಂದ ಒಂದೆರಡು ಹೆಜ್ಜೆ ಒಳಗೆ ಬಂದರೂ ಬೆಳಕು ದಿಢೀರನೆ ಕುಸಿಯುತ್ತದೆ. ಬಹಳಷ್ಟು ಫೋನುಗಳಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಳ್ಳಬಹುದು. ಒಮ್ಮೆ ಒಳಗೂ ಹೊರಗೂ ಅಳೆದು ನೋಡಿ, ನನ್ನ ಮಾತು ಬೇಡ.

ಫೋನೂ ಬೇಡವೆಂದರೆ ನೆರಳು ನೋಡಿ. ಡಬ್ಬಿಯ ಮೇಲೆ ಕೈ ಹಿಡಿಯಿರಿ. ಬೆರಳು ಬೆರಳಾಗಿ ಕಡಕ್ ನೆರಳು ಬಿದ್ದರೆ ಬೆಳಕು ಸಾಕು. ಮಸುಕು ಕಲೆಯಂತೆ ಕಂಡರೆ, ಅಥವಾ ಏನೂ ಕಾಣದಿದ್ದರೆ ಆ ಜಾಗ ಬಿಡಿ.

ಡಿಸೆಂಬರ್‌ನಲ್ಲಿ ಇದೇ ಕಿಟಕಿಯಲ್ಲಿ ಅಗಿ ಛಲೋ ಬಂದಿದ್ದವು. ಜೂನ್‌ನಲ್ಲಿ ಯಾಕೆ ಕೆಟ್ಟವು?

ನಿಮ್ಮ ಕಿಟಕಿ ದಕ್ಷಿಣಕ್ಕಿದೆ ಅಲ್ವಾ? ನಾನು ಹೀಗೆ ಕೇಳಿದಾಗ ಬಹುತೇಕರು ಹೌದೆನ್ನುತ್ತಾರೆ.

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿ ನಡೆಯುತ್ತಾನೆ. ಬಿಸಿಲು ಓರೆಯಾಗಿ ಕಿಟಕಿಯೊಳಗೆ ಬಂದು ನೆಲದ ಮೇಲೆ ಬೀಳುತ್ತದೆ, ಬೆಕ್ಕು ಅಲ್ಲೇ ಮಲಗುತ್ತದೆ. ಮೇ ತಿಂಗಳ ಮೊದಲ ಹತ್ತು ದಿನದೊಳಗೆ ನಮ್ಮ ಮೂರೂ ಊರುಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿಬಿಡುತ್ತಾನೆ. ಮರಳುವುದು ಆಗಸ್ಟ್ ಮೊದಲ ಹತ್ತು ದಿನದಲ್ಲಿ. ಆ ಮೂರು ತಿಂಗಳು ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ. ಮೇಲೆ ಸಜ್ಜಾ ಬೇರೆ. ಅದರ ಮೇಲೆ ಮಳೆ ಮೋಡ. ಬೆಳಗಾವಿಯಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದ ದಿನಗಳೂ ಇವೆ.

ಬಿತ್ತುವ ಕಾಲವೂ ಅದೇ ಜೂನ್–ಜುಲೈ ಆಗಿರುವುದು ನಮ್ಮ ಹಣೆಬರಹ. ಆಗ ಪೂರ್ವದ ಕಿಟಕಿಗೆ ಬದಲಿಸಿ, ಬೆಳಗಿನ ಬಿಸಿಲು ಸಿಗುತ್ತದೆ. ಅದಕ್ಕಿಂತ ಒಳ್ಳೆಯದು ಮಾಳಿಗೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕೆಳಗೆ ಇಡುವುದು. ಮಳೆ ತಾಗುವುದಿಲ್ಲ, ಮೋಡದ ಬೆಳಕಾದರೂ ನಾಲ್ಕೂ ಕಡೆಯಿಂದ ಸಿಗುತ್ತದೆ. ಮೋಡ ಕವಿದ ಬಯಲಿನ ಬೆಳಕೂ ಕೋಣೆಯ ಬೆಳಕಿಗಿಂತ ಎಷ್ಟೋ ಪಾಲು ಜಾಸ್ತಿ.

ಬಲ್ಬ್ ಹಾಕಿದರೆ ಆಗುತ್ತದಾ? ನೇರಳೆ ಬಣ್ಣದ್ದೇ ಬೇಕಾ?

ನೇರಳೆ ಬೇಡ. ಬಿಳಿ ಬೆಳಕಿನ 4 ಅಡಿಯ 20 ವ್ಯಾಟ್ ಎಲ್‌ಇಡಿ ಪಟ್ಟಿ ಎರಡು ಸಾಕು. ಗುಟ್ಟು ಇರುವುದು ಎತ್ತರದಲ್ಲಿ. ಗೋಡೆಯ ಮೇಲಿನ ಟ್ಯೂಬ್ ಹಗಲಿರುಳು ಉರಿಸಿದರೂ ಅಗಿಗೆ ಉಪಯೋಗವಿಲ್ಲ. ಪಟ್ಟಿ ಎಲೆಯಿಂದ ನಾಲ್ಕು–ಆರು ಇಂಚು ಮೇಲಿರಬೇಕು. ಅಗಿ ಬೆಳೆದಂತೆ ಮೇಲೆತ್ತಲು ಬರುವ ಹಾಗೆ ಹಗ್ಗದಿಂದ ಇಳಿಬಿಡಿ. ದಿನಕ್ಕೆ 14–16 ತಾಸು ಉರಿಸಿ, ರಾತ್ರಿ ಆರಿಸಿ. ಎರಡು ಪಟ್ಟಿ 15 ತಾಸು ಉರಿದರೆ ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18. ಮಾಳಿಗೆ ಇಲ್ಲದ ಅಪಾರ್ಟ್‌ಮೆಂಟಿನವರಿಗೆ ಇದು ಸರಿ. ಮಾಳಿಗೆ ಇದ್ದವರು ಈ ಖರ್ಚು ಮಾಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಬಿಸಿಲಲ್ಲೇ ಇಟ್ಟಿದ್ದೇನೆ. ಆದರೂ ಉದ್ದಕ್ಕೇ ಹೋಗುತ್ತಿವೆ!

ಒಂದು ಡಬ್ಬಿಯಲ್ಲಿ ಎಷ್ಟಿವೆ ಎಣಿಸಿ. ಚಿಟಿಕೆ ಬೀಜ ಉದುರಿಸಿದರೆ ಇಪ್ಪತ್ತು ಏಳುತ್ತವೆ. ಪಕ್ಕದವನ ಎಲೆ ತಾಗುವ ಮೊದಲೇ ಅಗಿಗೆ ಅವನ ಸುಳಿವು ಸಿಗುತ್ತದೆ. ಹಸಿರು ಎಲೆಯಿಂದ ಚಿಮ್ಮಿ ಬರುವ ಬೆಳಕಿನ ಬಣ್ಣ ಬೇರೆ, ಅದನ್ನು ಅಗಿ ಗುರುತಿಸುತ್ತದೆ. ಆಮೇಲೆ ಪೈಪೋಟಿ ಶುರು.

ಬೀಜದೆಲೆ, ಅಂದರೆ ಮೊಳಕೆಯ ಮೊದಲ ಎರಡು ಎಲೆ, ಬಿಚ್ಚಿದ ಮೇಲೆ ಹೆಚ್ಚಿನವನ್ನು ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಬರುತ್ತದೆ. ಡಬ್ಬಿಗೆ ಒಂದು, ಬಹಳವೆಂದರೆ ಎರಡು. ಎಲ್ಲ ಉಳಿಸಬೇಕೆಂಬ ಆಸೆ ಇದ್ದವರು ಮೊದಲ ನಿಜವಾದ ಎಲೆ (ಬೀಜದೆಲೆಯ ಆಮೇಲೆ ಬರುವುದು) ಬಂದಾಗ ಒಂದೊಂದೇ ಬಿಡಿಸಿ ಬೇರೆ ಕಪ್ಪಿಗೆ ಹಾಕಿ. ಆಗ ಎಲೆ ಹಿಡಿದು ಎತ್ತಬೇಕು, ಕಾಂಡ ಹಿಡಿಯಬಾರದು. ಒಂದು ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಮುಗಿಯಿತು.

ಉದ್ದಾದ ಅಗಿ ಮತ್ತ ಗಿಡ್ಡ ಆಗ್ತಾವೇನ್ರಿ?

ಇಲ್ಲ. ಒಮ್ಮೆ ಎಳೆದ ಕಾಂಡ ಎಳೆದದ್ದೇ. ಆದರೆ ಅಲ್ಲಿಂದ ಮುಂದಿನ ಬೆಳವಣಿಗೆ ಗಟ್ಟಿ ಮಾಡಬಹುದು. ಬೆಳಕಿಗೆ ತನ್ನಿ, ನೀರು ಸ್ವಲ್ಪ ಹಿಡಿದು ಹಾಕಿ, ಬೀಳುವ ಅಗಿಗೆ ಊದಿನಕಡ್ಡಿಯ ಆಸರೆ ಕೊಟ್ಟು ಕಾಂಡದ ಸುತ್ತ ಬೀಜದೆಲೆಯ ಕೆಳಗಿನ ತನಕ ಸಡಿಲ ಮಣ್ಣು ಏರಿಸಿ. ಒಂದು ವಾರದಲ್ಲಿ ಹೊಸ ಎಲೆ ಕಡುಹಸಿರಾಗಿ ಬಂದರೆ ಬದುಕಿತು ಎಂದರ್ಥ.

ಮೂರು–ನಾಲ್ಕು ದಿನದ ಮೊಳಕೆಯೇ ಬೆಳ್ಳಗೆ ಶಾವಿಗೆಯಾಗಿದ್ದರೆ ಸುಮ್ನೆ ಗುದ್ದಾಡಬೇಡಿ. ಹೊಸ ಬೀಜ ಹಾಕಿ. ಐದು ರೂಪಾಯಿ ಬೀಜಕ್ಕೆ ಹದಿನೈದು ದಿನದ ಸೇವೆ ದುಬಾರಿ, ಹೊಸದು ಅಷ್ಟರಲ್ಲಿ ಹಳೆಯದನ್ನು ಹಿಂದೆ ಹಾಕಿರುತ್ತದೆ.

ಆಳಕ್ಕೆ ಹೂತರೆ ಎಲ್ಲ ಗಿಡವೂ ಸರಿಯಾಗುತ್ತದಾ?

ಟೊಮ್ಯಾಟೊಗೆ ಇದು ವರ. ಅದರ ಕಾಂಡದ ಮೇಲಿನ ಸಣ್ಣ ಉಬ್ಬುಗಳಿಂದ ಹೊಸ ಬೇರು ಬರುತ್ತವೆ. ಕೆಳಗಿನ ಎಲೆ ಚಿವುಟಿ, ಮೇಲಿನ ನಾಲ್ಕೈದು ಎಲೆ ಮಾತ್ರ ಹೊರಗೆ ಬಿಟ್ಟು ಉಳಿದ ಕಾಂಡ ಪೂರ್ತಿ ಹೂಳಿ. ಬಹಳ ಉದ್ದ ಇದ್ದರೆ ನೆಟ್ಟಗೆ ಬೇಡ, ಬೆರಳಾಳದ ಗೆರೆ ತೋಡಿ ಮಲಗಿಸಿ ತುದಿ ಮಾತ್ರ ಮೇಲೆತ್ತಿ. ಎರಡು ದಿನದಲ್ಲಿ ತುದಿ ತಾನೇ ನೆಟ್ಟಗಾಗುತ್ತದೆ. ಹೀಗೆ ಹಚ್ಚಿದ ಸಣಕಲು ಅಗಿ ಕೊನೆಗೆ ಗಟ್ಟಿ ಅಗಿಯಷ್ಟೇ ಕಾಯಿ ಕೊಟ್ಟದ್ದನ್ನು ನೋಡಿದ್ದೇನೆ.

ಬದನೆ, ಮೆಣಸಿನಕಾಯಿ ಅಷ್ಟು ಉದಾರಿಗಳಲ್ಲ. ಬೀಜದೆಲೆಯ ತನಕ ಹೂಳಿದರೆ ತಡೆಯುತ್ತವೆ, ಅದಕ್ಕಿಂತ ಮೇಲೆ ಬೇಡ. ಕೋಸಿಗೂ ಬೀಜದೆಲೆಯೇ ಗಡಿ, ಸುಳಿ ಮುಚ್ಚಿದರೆ ಗಡ್ಡೆಯೇ ಕಟ್ಟುವುದಿಲ್ಲ. ಹೀರೆ, ಸವತೆಯ ಕಾಂಡ ಮಣ್ಣಿನೊಳಗೆ ಬೇಗ ಕೊಳೆಯುತ್ತದೆ, ಇದ್ದ ಮಟ್ಟಕ್ಕೇ ಹಚ್ಚಿ. ಉಳ್ಳಾಗಡ್ಡಿಯನ್ನು ಆಳಕ್ಕೆ ಹಚ್ಚಿದರೆ ಗಡ್ಡೆ ಉಬ್ಬುವುದಿಲ್ಲ.

ಸಣಕಲಾಗಿವೆ ಎಂದು ಒಂದಿಷ್ಟು ಯೂರಿಯಾ ಹಾಕಿದೆ. ತಪ್ಪಾಯ್ತಾ?

ಆಯಿತು. ಹಸಿದವನಿಗೆ ಊಟ ಬೇಕು, ಕತ್ತಲಲ್ಲಿ ಕುಳಿತವನಿಗೆ ದೀಪ ಬೇಕು. ಯೂರಿಯಾ ಕಾಂಡವನ್ನು ಇನ್ನಷ್ಟು ಮೆದು ಮಾಡುತ್ತದೆ, ಜಾಸ್ತಿಯಾದರೆ ಬೇರು ಸುಡುತ್ತದೆ. ಈಗ ತೂತಿನಿಂದ ಹರಿದುಹೋಗುವಷ್ಟು ನೀರು ಹಾಕಿ ತೊಳೆಯಿರಿ. ನಿಜವಾದ ಎಲೆ ಬರುವ ತನಕ ಅಗಿಗೆ ಬೀಜದ ಬುತ್ತಿಯೇ ಸಾಕು. ಎರಡು ಜೊತೆ ಎಲೆ ಬಂದ ಮೇಲೆ ವಾರಕ್ಕೊಮ್ಮೆ 19:19:19 ಎಂಬ ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ 1 ಗ್ರಾಂ ಕರಗಿಸಿ ಕೊಡಿ. ಎರೆಹುಳು ಗೊಬ್ಬರ ಬೆರೆಸಿದ್ದರೆ ಅದೂ ಬೇಕಿಲ್ಲ.

ಅಗಿಯ ಮೇಲೆ ಕೈಯಾಡಿಸಿದರೆ ಗಟ್ಟಿಯಾಗುತ್ತವೆ ಅಂತಾರೆ, ನಿಜವಾ?

ನಿಜ. ಗಾಳಿಗೆ ಅಲುಗಾಡಿದ ಕಾಂಡ ದಪ್ಪ, ಗಿಡ್ಡ ಆಗುತ್ತದೆ. ದಿನಕ್ಕೆ ಹತ್ತು–ಇಪ್ಪತ್ತು ಸಲ ಅಂಗೈಯಿಂದ ಮೆಲ್ಲಗೆ ಸವರಿ, ಅಥವಾ ಫ್ಯಾನ್ ಸಣ್ಣಗೆ ಬಿಡಿ. ಎಲೆ ಒದ್ದೆ ಇದ್ದಾಗ ಬೇಡ. ನಮ್ಮ ಅತ್ತೆ ಇದನ್ನು ಮೊಮ್ಮಕ್ಕಳ ತಲೆ ಸವರಿದ ಹಾಗೆ ಮಾಡುತ್ತಿದ್ದರು. ನಾನು ಫ್ಯಾನಿನವಳು. ಆದರೆ ಬೆಳಕಿಲ್ಲದ ಅಗಿಯನ್ನು ಸವರಿ ಉಪಯೋಗವಿಲ್ಲ.

## ಬೇರೆ ಕಾಟಗಳು

ನಿನ್ನೆ ಚೆನ್ನಾಗಿತ್ತು, ಇವತ್ತು ಬುಡಕ್ಕೆ ಕತ್ತರಿಸಿದಂತೆ ಬಿದ್ದಿದೆ. ಉದ್ದಾಗಿದ್ದಕ್ಕೇ ಬಿತ್ತಾ?

ಬಗ್ಗಿ ನೋಡಿ. ಉದ್ದಕ್ಕೆ ವಾಲಿದ ಅಗಿಯ ಕಾಂಡ ಬುಡದ ತನಕ ಒಂದೇ ದಪ್ಪ ಇರುತ್ತದೆ. ನಿಮ್ಮದು ಮಣ್ಣಿಗೆ ತಾಗುವಲ್ಲಿ ನೂಲಿನ ಹಾಗೆ ಸೊರಗಿ, ನೀರು ನೀರಾಗಿ ಕಂದಾಗಿದೆ. ಇದು ಸಸಿ ಕೊಳೆ ರೋಗ. ಮಣ್ಣಿನಲ್ಲಿರುವ ಶಿಲೀಂಧ್ರದಂಥ ಜೀವಿಗಳಿಂದ ಬರುತ್ತದೆ, ನೀರು ನಿಂತರೆ, ಗಾಳಿಯಾಡದಿದ್ದರೆ, ಒತ್ತೊತ್ತಾಗಿದ್ದರೆ ಹಬ್ಬುತ್ತದೆ. ಬಿದ್ದದ್ದು ಏಳುವುದಿಲ್ಲ. ಅದನ್ನು ಸುತ್ತಲಿನ ಮಣ್ಣು ಸಮೇತ ತೆಗೆಯಿರಿ, ಮುಚ್ಚಿದ್ದು ತೆರೆಯಿರಿ, ಮೇಲಿನ ಮಣ್ಣು ಒಣಗುವ ತನಕ ನೀರು ನಿಲ್ಲಿಸಿ. ಹಬ್ಬುತ್ತಿದ್ದರೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ಲೀಟರಿಗೆ 3 ಗ್ರಾಂ ಬೆರೆಸಿ ಬುಡಕ್ಕೆ ಹಾಕುತ್ತಾರೆ. ನಾನು ಮೊದಲೇ ಎರೆಹುಳು ಗೊಬ್ಬರಕ್ಕೆ ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಪುಡಿ ಬೆರೆಸಿ, ತೇವ ಮಾಡಿ, ವಾರ ನೆರಳಲ್ಲಿಟ್ಟು ಬಳಸುತ್ತೇನೆ. ಹಳೆ ಡಬ್ಬಿಗಳನ್ನು ಸಾಬೂನಿನಲ್ಲಿ ತಿಕ್ಕಿ ಬಿಸಿಲಿಗೆ ಹಾಕಿ, ಬಿಸಿಲಿಗೇನು ನಮ್ಮಲ್ಲಿ ಬರವೇ?

ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿದೆ. ಬೋರ್ ನೀರು ಬಿಟ್ಟರೆ ನಮಗೆ ಗತಿ ಇಲ್ಲ.

ಗಡಸು ನೀರಿನ ಗುರುತು ಅದು. ಎಲೆಯ ಅಂಚು ಕಂದಾಗಿ ಒಣಗುವುದೂ ಇದರಿಂದಲೇ ಇರಬಹುದು. ದಿನಾ ಚೂರು ಚೂರು ಹಾಕಿದರೆ ನೀರು ಆರಿ ಉಪ್ಪು ಉಳಿಯುತ್ತದೆ. ಬದಲಿಗೆ ಹಾಕಿದಾಗ ತಳದಿಂದ ಹರಿಯುವಷ್ಟು ಹಾಕಿ, ಮುಂದಿನದು ಮೇಲ್ಮಣ್ಣು ಒಣಗಿದ ಮೇಲೆ. ಮಳೆ ನೀರು, ಏಸಿಯಿಂದ ತೊಟ್ಟಿಕ್ಕುವ ನೀರು ಹಿಡಿದಿಟ್ಟರೆ ಎರಡು ಟ್ರೇಗೆ ಸಾಲುತ್ತದೆ. ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಹಾಕುವವರಿದ್ದಾರೆ. ಅದು ಬೋರ್ ನೀರಿಗಿಂತ ಉಪ್ಪು, ನೆಲ ಒರೆಸಲು ಇಟ್ಟುಕೊಳ್ಳಿ.

ಮೆಣಸಿನ ಅಗಿಯ ಎಲೆ ದೋಣಿಯಂತೆ ಮುದುಡುತ್ತಿದೆ.

ಅಂಚು ಮೇಲಕ್ಕೆ ಮಡಚಿದ್ದರೆ ಹೆಚ್ಚಾಗಿ ಥ್ರಿಪ್ಸ್ ನುಸಿ. ಬಿಳಿ ಕಾಗದದ ಮೇಲೆ ಅಗಿಯನ್ನು ತಟ್ಟಿ, ಗೀಟಿನಂಥ ಸಣ್ಣ ಹುಳ ಓಡಾಡಿದರೆ ಖಾತ್ರಿ. ಬೇವಿನೆಣ್ಣೆ ಲೀಟರಿಗೆ 3–5 ಮಿಲಿ, ನಾಲ್ಕು ಹನಿ ಸಾಬೂನು ದ್ರಾವಣ ಬೆರೆಸಿ ಸಂಜೆ ಎಲೆಯ ಕೆಳಗೂ ಸಿಂಪಡಿಸಿ. ಟೊಮ್ಯಾಟೊಗೆ ಎಲೆ ಮುದುಡುವ ವೈರಸ್ ತರುವುದು ಬಿಳಿ ನೊಣ. ಬಂದ ಮೇಲೆ ಔಷಧ ಇಲ್ಲ. ಹೊರಗಿಡುವಾಗ ಸಣ್ಣ ಕಣ್ಣಿನ ಬಲೆ ಮುಚ್ಚಿ.

ಜನವರಿಯಲ್ಲಿ ಟೊಮ್ಯಾಟೊ ಎಲೆಯ ಕೆಳಗೆ ನೇರಳೆ ಬಣ್ಣ ಯಾಕೆ?

ಚಳಿಗೆ ಬೇರು ರಂಜಕ ಎಳೆಯುವುದಿಲ್ಲ. ರಾತ್ರಿ ಒಳಗಿಡಿ, ಬೆಚ್ಚಗಾದ ಮೇಲೆ ತಾನೇ ಹೋಗುತ್ತದೆ.

## ಬಿಸಿಲಿಗೆ, ಆಮೇಲೆ ನೆಲಕ್ಕೆ

ನೀವು ಬೆಳಕು ಬೆಳಕು ಅಂದ್ರಿ, ಮಾಳಿಗಿ ಮ್ಯಾಲೆ ಇಟ್ಟೆ. ಒಂದ ದಿನಕ್ಕ ಎಲಿ ಬಿಳಿಚಿ ಸುಟ್ಟಾವು!

ತಪ್ಪು ನನ್ನದೂ ಇದೆ, ಪೂರ್ತಿ ಹೇಳಬೇಕಿತ್ತು. ಒಳಗೆ ಬೆಳೆದ ಎಲೆಗೆ ಬಿಸಿಲು ತಡೆಯುವ ಮೇಲ್ಪದರ ತೆಳ್ಳಗಿರುತ್ತದೆ. ಏಳೆಂಟು ದಿನ ರೂಢಿ ಮಾಡಿಸಬೇಕು. ಮೊದಲ ಎರಡು ದಿನ ಬೆಳಿಗ್ಗೆ ಎಂಟರೊಳಗಿನ ಒಂದು ತಾಸು. ಆಮೇಲೆ ದಿನಾ ಒಂದು ತಾಸು ಹೆಚ್ಚಿಸಿ. ಉಳಿದ ಹೊತ್ತು 50 ಶೇಕಡಾ ನೆರಳಿನ ಹಸಿರು ಬಲೆಯ ಕೆಳಗೆ. ಬಲೆ ಇಲ್ಲದಿದ್ದರೆ ಹಳೆಯ ತೆಳು ಸೀರೆ, ಇಳಕಲ್‌ನದ್ದು ಬೇಡ, ಅತ್ತೆ ಬೈಯುತ್ತಾರೆ. ವಿಜಯಪುರ, ಬಾಗಲಕೋಟೆಯ ಮಾರ್ಚ್–ಮೇನಲ್ಲಿ ಹನ್ನೊಂದರಿಂದ ನಾಲ್ಕರ ತನಕ ಬಲೆ ತೆಗೆಯಲೇಬೇಡಿ. ಸಿಮೆಂಟಿನ ಮೇಲೆ ನೇರವಾಗಿ ಡಬ್ಬಿ ಇಡಬೇಡಿ, ಇಟ್ಟಿಗೆಯ ಮೇಲೆ ಹಲಗೆ ಹಾಕಿ ಇಡಿ. ಕೆಳಗಿನಿಂದ ಬರುವ ಕಾವು ಬೇರನ್ನು ಬೇಯಿಸುತ್ತದೆ.

ಸುಟ್ಟ ಎಲೆ ಹಸಿರಾಗುವುದಿಲ್ಲ. ಸುಳಿ ಹಸಿರಿದ್ದರೆ ಆ ಎಲೆಯನ್ನೂ ಕೀಳಬೇಡಿ, ನೆರಳಿಗೆ ತನ್ನಿ, ಸಾಕು.

ಎಷ್ಟು ದಿನದ ಅಗಿ ಹಚ್ಚಬೇಕು? ಯಾವ ಹೊತ್ತಿಗೆ?

ಟೊಮ್ಯಾಟೊ, ಕೋಸು 25–30 ದಿನ, ಬದನೆ 30–35, ಮೆಣಸಿನಕಾಯಿ 35–45, ಉಳ್ಳಾಗಡ್ಡಿ 45ರ ಆಸುಪಾಸು. ದಿನಕ್ಕಿಂತ ಎಲೆ ನೋಡುವುದು ಒಳ್ಳೆಯದು, ನಾಲ್ಕೈದು ನಿಜವಾದ ಎಲೆ, ಪೆನ್ಸಿಲಿನ ಅರ್ಧದಷ್ಟು ದಪ್ಪದ ಕಾಂಡ. ಹೊತ್ತು ಮಾತ್ರ ಸಂಜೆಯೇ, ಬಿಸಿಲು ಇಳಿದ ಮೇಲೆ. ರಾತ್ರಿಯೆಲ್ಲ ಬೇರು ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಹಚ್ಚುವ ಒಂದು ತಾಸು ಮೊದಲು ಡಬ್ಬಿಗೆ ನೀರು ಹಾಕಿದರೆ ಮಣ್ಣು ಇಡಿಯಾಗಿ ಬಿಡಿಸಿಕೊಳ್ಳುತ್ತದೆ.

ಡಬ್ಬಿಯಲ್ಲೇ ಮೆಣಸಿನಕಾಯಿ ಹೂ ಬಿಟ್ಟಿದೆ. ಖುಷಿ ಪಡಬೇಕಾ?

ಬೇಡ, ಅದಕ್ಕೆ ಜಾಗ ಸಾಲದೆ ಗಾಬರಿಯಾಗಿದೆ. ಹೂವು ಚಿವುಟಿ, ಡಬ್ಬಿ ಕತ್ತರಿಸಿ ತೆಗೆಯಿರಿ. ಬೇರು ಉಂಡೆಯಾಗಿ ಸುತ್ತಿಕೊಂಡಿದ್ದರೆ ತಳದಲ್ಲಿ ಬೆರಳಿನಿಂದ ಸ್ವಲ್ಪ ಬಿಡಿಸಿ ದೊಡ್ಡ ಕುಂಡಕ್ಕೆ ಹಾಕಿ. ಹದಿನೈದು ದಿನ ಮುನಿಸಿಕೊಂಡು ಆಮೇಲೆ ದಾರಿಗೆ ಬರುತ್ತದೆ.

ಇಷ್ಟೆಲ್ಲ ಯಾಕ್ರಿ, ನರ್ಸರಿಯಿಂದ ತಂದ್ರ ಆಗಂಗಿಲ್ಲ?

ಆಗುತ್ತದೆ. ನಾನೂ ಹೂಕೋಸಿನ ಅಗಿ ತರುತ್ತೇನೆ, ಅದರ ನಾಜೂಕು ನನಗೆ ಒಗ್ಗುವುದಿಲ್ಲ. ತರುವಾಗ ಎಲ್ಲಕ್ಕಿಂತ ಎತ್ತರದ ಅಗಿ ಆರಿಸಬೇಡಿ. ಒಮ್ಮೆ ಒಬ್ಬ ಮಾರಾಟಗಾರ "ಅಕ್ಕಾರ, ಇವು ಹೆಚ್ಚ ಬೆಳದಾವು, ತಗೋರಿ" ಎಂದು ಟ್ರೇಯ ನಡುವಿನಿಂದ ಉದ್ದ ಉದ್ದನೆಯವು ಕೊಟ್ಟ, ನಾನೂ ಹಿಗ್ಗಿ ತಂದೆ. ಮನೆಗೆ ಬರುವಷ್ಟರಲ್ಲಿ ಅರ್ಧ ಮಲಗಿದ್ದವು. ಟ್ರೇಯ ನಡುವಿನವಕ್ಕೆ ಬೆಳಕು ಕಡಿಮೆ, ಅಂಚಿನವು ಗಿಡ್ಡ, ಗಟ್ಟಿ. ಈಗ ಅಂಚಿನ ಸಾಲಿನದ್ದನ್ನೇ ಕೇಳಿ ತರುತ್ತೇನೆ. ಎಲೆಯ ಕೆಳಗೆ ಬಿಳಿ ನೊಣ ಇದೆಯೇ ನೋಡಿ, ಒಂದನ್ನು ಎತ್ತಿ ಬೇರು ಬೆಳ್ಳಗಿದೆಯೇ ನೋಡಿ. ಮಾರುವವರು ಗೊಣಗಿದರೂ ಗೊಣಗಲಿ.